ಬರೆದವರು ಮತ್ತು ಸಹಿ ಹಾಕಿದವರು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿ, "ನೀವು ರಾಯಭಾರ ಕಚೇರಿಯಲ್ಲಿ ಇದ್ದವರು, ಹೊರದೇಶ ಕಂಡವರು, ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು" ಎಂದರು. ಸಂತೋಷದಿಂದ ಒಪ್ಪಿಕೊಂಡೆ. ಆದರೆ ಶುರುವಿನಲ್ಲೇ ಒಂದು ವಿಷಯ ಸರಿಪಡಿಸಬೇಕು. ನಮ್ಮೂರಿನಲ್ಲಿ ಕೆಲವರು ನನ್ನನ್ನು ರಾಯಭಾರಿ ಎಂದುಕೊಂಡಿದ್ದಾರೆ. ಹೋದ ವರ್ಷ ಜಾತ್ರೆಯಲ್ಲಿ ಮೈಕಿನಲ್ಲೂ ಹಾಗೆಯೇ ಕೂಗಿಬಿಟ್ಟರು. ನಾನು ರಾಯಭಾರಿ ಆಗಿರಲಿಲ್ಲ. ದೆಹಲಿಯ ವಿದೇಶಾಂಗ ಸಚಿವಾಲಯಕ್ಕೆ ಗುಮಾಸ್ತೆಯಾಗಿ ಸೇರಿದೆ. ಮೂರು ದೇಶಗಳಲ್ಲಿ ಕೆಲಸ ಮಾಡಿ, ಒಂದೆರಡು ಮೆಟ್ಟಿಲು ಹತ್ತಿ ನಿವೃತ್ತನಾದೆ. ರಾಯಭಾರಿಗಳು ಸಹಿ ಹಾಕುವ ಕಾಗದಗಳನ್ನು ಸಿದ್ಧ ಮಾಡುವುದು ನನ್ನ ಕೆಲಸವಾಗಿತ್ತು.

ನಿವೃತ್ತನಾದ ಮೇಲೆ ಹಳೆಯ ಪೆಟ್ಟಿಗೆ ತೆಗೆದಾಗ ಈ ಶಾಲೆ ನನಗೆ ಕೊಟ್ಟ ವರ್ಗಾವಣೆ ಪತ್ರ, ನಾವು ಟಿಸಿ ಅನ್ನುತ್ತೇವಲ್ಲ, ಅದು ಸಿಕ್ಕಿತು. ನನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಕು, 'ನಡತೆ: ಉತ್ತಮ' ಎಲ್ಲವೂ ಗುಂಡಗಿನ ನೀಲಿ ಅಕ್ಷರಗಳಲ್ಲಿವೆ. ಕೆಳಗೆ ಹೆಡ್‌ಮಾಸ್ಟರ ಸಹಿ, ಮೊಹರು. ಸಹಿ ಮಾಡಿದವರ ಹೆಸರು ನನಗೆ ಚೆನ್ನಾಗಿ ಗೊತ್ತು. ಆ ಗುಂಡಗಿನ ಅಕ್ಷರ ಬರೆದವರನ್ನು ನಾವೆಲ್ಲ 'ಗುಮಾಸ್ತೆ ಮೇಷ್ಟ್ರು' ಎಂದು ಕರೆಯುತ್ತಿದ್ದೆವು. ಅವರು ಪಾಠ ಮಾಡಿದವರಲ್ಲ. ಆದರೂ ಮೇಷ್ಟ್ರು. ಅವರ ಪೂರ್ತಿ ಹೆಸರೇನು ಎಂದು ಯೋಚಿಸಿದೆ. ನೆನಪಾಗಲಿಲ್ಲ. ಮರೆತಿದ್ದೆ ಅನ್ನುವುದೂ ತಪ್ಪು. ನನಗೆ ಯಾವತ್ತೂ ಗೊತ್ತಿರಲೇ ಇಲ್ಲ.

ಇವತ್ತಿನ ಮಾತು ಆ ಕಾಗದದಿಂದ ಹುಟ್ಟಿದ್ದು. ಇಂಗ್ಲಿಷರ ಕಾಲದಲ್ಲಿ ಸಮುದ್ರದಾಚೆ, ಬೆಟ್ಟಗಳಾಚೆ ಇದ್ದ ರಾಯಭಾರ ಕಚೇರಿಗಳನ್ನು ನಡೆಸಿದವರು ಯಾರು, ಆ ಕುರ್ಚಿಗಳಲ್ಲಿ ಯಾರ್‍ಯಾರು ಕೂತಿದ್ದರು ಎಂಬುದನ್ನು ನನ್ನ ಕೆಲಸದ ನಡುವೆ ಓದಿಕೊಂಡಿದ್ದೇನೆ. ಅದನ್ನು ಹೇಳಿ, ಕೊನೆಗೆ ನಮ್ಮ ಶಾಲೆಗೆ ಬರುತ್ತೇನೆ.

ಬೆಂಗಳೂರಿನಲ್ಲಿ ರೆಸಿಡೆನ್ಸಿ ರಸ್ತೆ ಎಂದಿದೆ. ಮೈಸೂರು ಅರಸರ ಕಾಲದಲ್ಲಿ ಇಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿ ಒಬ್ಬ ರೆಸಿಡೆಂಟ್ ಇರುತ್ತಿದ್ದ. ಅವನಿದ್ದ ಜಾಗ ರೆಸಿಡೆನ್ಸಿ. ಇಂಥದ್ದೇ ರೆಸಿಡೆನ್ಸಿಯೊಂದು ಪರ್ಷಿಯಾ ದೇಶದ, ಅಂದರೆ ಇಂದಿನ ಇರಾನಿನ, ಬುಶೇರ್ ಎಂಬ ಬಂದರಿನಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿ ಅದನ್ನು 1763ರಲ್ಲಿ ತೆರೆಯಿತು. 1946ರಲ್ಲಿ ಅದನ್ನು ಬಹ್ರೇನ್‌ಗೆ ವರ್ಗಾಯಿಸಿದರು. ಈ ಕಚೇರಿ ಬಹುಕಾಲ ಆದೇಶ ಪಡೆಯುತ್ತಿದ್ದದ್ದು ಲಂಡನ್ನಿನಿಂದಲ್ಲ. 1873ರವರೆಗೆ ಬೊಂಬಾಯಿಯಿಂದ, ಆಮೇಲೆ ಭಾರತ ಸರ್ಕಾರದಿಂದ. ಕೊಲ್ಲಿಯಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. ಅಲ್ಲಿನ ಅಂಚೆ ಕಚೇರಿಗಳೂ ಭಾರತದ ಅಂಚೆ ಇಲಾಖೆಯವು. 1864ರಲ್ಲಿ ಮಸ್ಕತ್‌ನಲ್ಲಿ ಭಾರತದ ಅಂಚೆ ಕಚೇರಿ ಶುರುವಾಯಿತು. ಅಂದರೆ ಕೊಲ್ಲಿಯ ದೇಶಗಳಲ್ಲಿ ಇಂಗ್ಲಿಷರ ರಾಜತಂತ್ರ ಭಾರತದ ದುಡ್ಡು, ಭಾರತದ ಸಿಪಾಯಿ, ಭಾರತದ ಗುಮಾಸ್ತೆಗಳ ಮೇಲೆ ನಿಂತಿತ್ತು.

ಬುಶೇರಿನ ರೆಸಿಡೆನ್ಸಿಯೊಳಗೆ ಹೋದರೆ ಮೇಲೆ ಒಬ್ಬ ರೆಸಿಡೆಂಟ್, ಅವನ ಕೈಕೆಳಗೆ ಒಂದಿಬ್ಬರು ಇಂಗ್ಲಿಷ್ ಸಹಾಯಕರು, ಒಬ್ಬ ಡಾಕ್ಟರು. ಅವರ ಕೆಳಗೆ ಪರ್ಷಿಯನ್, ಅರಬ್ಬಿ ಪತ್ರ ಬರೆಯುವ ಮುನ್ಷಿಗಳು, ಖಜಾನೆ ನೋಡಿಕೊಳ್ಳುವವರು, ಇಂಗ್ಲಿಷ್ ನಕಲು ಮಾಡುವ ಗುಮಾಸ್ತೆಗಳು, ಕಾವಲಿನ ಸವಾರರು, ದೋಣಿಯವರು, ಜವಾನರು. ಮಕ್ಕಳೇ, ಈ ಹೆಸರುಗಳನ್ನು ಗಮನಿಸಿ. ಗುಮಾಸ್ತೆ, ಮುನ್ಷಿ, ಜಮಾದಾರ, ಖಜಾನೆ, ದಫ್ತರ ಎಲ್ಲವೂ ಪರ್ಷಿಯನ್, ಅರಬ್ಬಿ ಮೂಲದ ಮಾತುಗಳು. ನಮ್ಮ ತಾಲ್ಲೂಕು ಕಚೇರಿಯ ಶಿರಸ್ತೇದಾರರು ಕೂಡ ಅದೇ ದಾರಿಯಲ್ಲಿ ಬಂದವರು. ವಕೀಲ ಎಂದರೆ ಹಿಂದೆ ಅರಸರು ಬೇರೆ ದರ್ಬಾರಿಗೆ ಕಳಿಸುವ ಪ್ರತಿನಿಧಿ. ಈಗ ಕೋರ್ಟಿನಲ್ಲಿ ನಮ್ಮ ಪರ ಮಾತಾಡುವವನು. ನಾವು ತರ್ಜುಮೆ ಅನ್ನುತ್ತೇವಲ್ಲ, ಆ ಕೆಲಸ ಮಾಡುವವನನ್ನು ಅರಬ್ಬಿಯಲ್ಲಿ ತರ್ಜುಮಾನ್ ಎಂದರು. ಯುರೋಪಿನವರ ಬಾಯಲ್ಲಿ ಅದೇ ಡ್ರ್ಯಾಗೊಮನ್ ಆಯಿತು. ತುರ್ಕಿಯ ರಾಜಧಾನಿಯಲ್ಲಿದ್ದ ಎಲ್ಲ ಯುರೋಪಿಯನ್ ರಾಯಭಾರ ಕಚೇರಿಗಳೂ ಈ ಡ್ರ್ಯಾಗೊಮನ್‌ಗಳಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ. ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಪಿಸಾನಿ ಎಂಬ ಒಂದೇ ಮನೆತನದವರು ತಲೆಮಾರುಗಟ್ಟಲೆ ಆ ಕೆಲಸ ಮಾಡಿದರು.

ಈಗ ನಮ್ಮ ನೆಲಕ್ಕೆ ಸಂಬಂಧಪಟ್ಟ ಮಾತು. ಇಂಗ್ಲಿಷರು ಮಸ್ಕತ್‌ನಲ್ಲಿ ಕಾಲೂರುವ ಮೊದಲೇ ಅಲ್ಲಿ ಮೈಸೂರಿನದೊಂದು ಕೋಠಿ ಇತ್ತು. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ. ಅದರ ದರೋಗಾ ಮೀರ್ ಕಾಜಿಂ ಎಂಬವನಿಗೆ ಟಿಪ್ಪು ಬರೆಸಿದ ಪತ್ರಗಳು ಉಳಿದಿವೆ. ಗಂಧದ ಮರ, ಮೆಣಸು ಎಷ್ಟಕ್ಕೆ ಮಾರಬೇಕು ಎಂಬುದರ ಜೊತೆಗೆ, ರೇಷ್ಮೆ ಹುಳುಗಳನ್ನೂ ಅವನ್ನು ಸಾಕಲು ಬಲ್ಲವರನ್ನೂ ಹುಡುಕಿ ಕಳಿಸು ಎಂಬ ಮಾತೂ ಅವುಗಳಲ್ಲಿದೆ. ನಮ್ಮೂರಿನ ಸುತ್ತ ಹಿಪ್ಪುನೇರಳೆ ತೋಟ ಇರುವವರು, ಚಂದ್ರಿಕೆಯ ಮೇಲೆ ಹುಳ ಬಿಟ್ಟು ರಾತ್ರಿಯೆಲ್ಲ ಎದ್ದು ನೋಡುವವರು ಇದನ್ನು ನೆನಪಿಟ್ಟುಕೊಳ್ಳಬಹುದು. ಒಂದು ದೂರದ ಕಚೇರಿಯ ದರೋಗಾನಿಗೆ ಹೋದ ಪತ್ರಗಳಲ್ಲೂ ನಮ್ಮ ಕಸುಬಿನ ಮಾತಿತ್ತು.

ಅದೇ ಟಿಪ್ಪುವಿಗೆ ಫ್ರೆಂಚರ ನೆರವು ಬಂದೀತು ಎಂದು ಇಂಗ್ಲಿಷರಿಗೆ ಭಯ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದ. ಮಸ್ಕತ್ ದಾರಿಯಾಗಿ ಫ್ರೆಂಚರು ಬರಬಾರದೆಂದು ಕಂಪನಿ ಅದೇ ವರ್ಷದ ಅಕ್ಟೋಬರಿನಲ್ಲಿ ಮಸ್ಕತ್‌ನ ಸುಲ್ತಾನನ ಜೊತೆ ಒಪ್ಪಂದ ಮಾಡಿಕೊಂಡಿತು. ನೆಪೋಲಿಯನ್ ಮರುವರ್ಷ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ಮಸ್ಕತ್ ಮೂಲಕ ಬರಬೇಕಿತ್ತು. ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಕೆಲವೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಇಷ್ಟು ದೊಡ್ಡ ಪರಿಣಾಮದ ಆ ಒಪ್ಪಂದ ಮಾಡಿಸಿದವನು ಇಂಗ್ಲಿಷನಲ್ಲ. ಮೆಹದಿ ಅಲಿ ಖಾನ್ ಎಂಬವನು. ಪರ್ಷಿಯಾ ಮೂಲದವನು, ಭಾರತದಲ್ಲಿ ನೆಲೆಸಿ ಕಂಪನಿಯ ಕೆಲಸಕ್ಕೆ ಸೇರಿದವನು. ಅವನನ್ನು ಕಂಪನಿ ಬುಶೇರಿನ ರೆಸಿಡೆಂಟ್ ಹುದ್ದೆಯಲ್ಲೇ ಕೂರಿಸಿತ್ತು. ಮುಂದೆ ಕಾಲ ಬದಲಾಯಿತು. ಆ ಕುರ್ಚಿ ಇಂಗ್ಲಿಷರ ಪಾಲಿಗೇ ಮೀಸಲಾಯಿತು.

ಮಾರನೆಯ ವರ್ಷಗಳಲ್ಲಿ ಪರ್ಷಿಯಾದ ಶಾಹನ ಬಳಿಗೆ ರಾಯಭಾರಿಯಾಗಿ ಹೋದವನು ಜಾನ್ ಮಾಲ್ಕಂ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ವ್ಯವಸ್ಥೆಗೆ ನೇಮಿಸಿದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆ ಕಾರ್ಯದರ್ಶಿಯಾಗಿದ್ದವನು ಇವನೇ. 1800ರಲ್ಲಿ ಅವನ ಜೊತೆ ಪರ್ಷಿಯಾಕ್ಕೆ ಹೊರಟ ಪರಿವಾರ ಸುಮಾರು ಐನೂರು ಜನ. ಯುರೋಪಿಯನ್ ಅಧಿಕಾರಿಗಳು ಬೆರಳೆಣಿಕೆಯಷ್ಟು. ಉಳಿದವರು ಮದ್ರಾಸಿನ ಕುದುರೆ ಸವಾರರು, ಬೊಂಬಾಯಿಯ ಸಿಪಾಯಿಗಳು, ಭಾರತದ ಮತ್ತು ಪರ್ಷಿಯಾದ ಸೇವಕರು. ಮೆರವಣಿಗೆಯ ಮುಂದಿದ್ದವನ ಜೀವನ ಚರಿತ್ರೆ ದಪ್ಪ ಸಂಪುಟಗಳಲ್ಲಿದೆ. ಹಿಂದೆ ನಡೆದವರ ಲೆಕ್ಕ ಒಂದು ಸಾಲಿನಲ್ಲಿ ಮುಗಿದಿದೆ.

ಕೊಲ್ಲಿಯ ಕಚೇರಿಗಳಿಗೆ ಇಂಗ್ಲಿಷರೇ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಹೋದರು. ಮಸ್ಕತ್‌ಗೆ 1800ರಲ್ಲಿ ಡಾಕ್ಟರ್ ಬೋಗಲ್ ಎಂಬವನನ್ನು ಕಳಿಸಿದರು. ಅದೇ ವರ್ಷ ತೀರಿಕೊಂಡ. ಆಮೇಲೆ ಬಂದ ಕ್ಯಾಪ್ಟನ್ ಸೀಟನ್ 1809ರಲ್ಲಿ ಸತ್ತ. ಅವನ ಜಾಗಕ್ಕೆ ಬಂದ ಬನ್ಸ್ ಅದೇ ವರ್ಷದ ಕೊನೆಗೆ ಹೋದ. ಸುತ್ತ ಕಲ್ಲುಬೆಟ್ಟ, ನಡುವೆ ಊರು. ಬೇಸಿಗೆಯಲ್ಲಿ ರಾತ್ರಿಯೂ ಬಂಡೆ ಬಿಸಿ ಉಗುಳುತ್ತದೆ. ಆಗ ಕಂಪನಿ ಇಂಗ್ಲಿಷರನ್ನು ಕಳಿಸುವುದು ಬಿಟ್ಟು, ಅಲ್ಲೇ ನೆಲೆಸಿದ್ದ ವ್ಯಾಪಾರಿಗಳನ್ನು ಪ್ರತಿನಿಧಿಗಳಾಗಿ ನೇಮಿಸಿತು. ಇವರನ್ನು ನೇಟಿವ್ ಏಜೆಂಟ್ ಎಂದು ಕರೆದರು. ಬಹ್ರೇನ್‌ನಲ್ಲಿ ಮೊದಲು ಹಿಂದೂ ಬನಿಯಾ ವ್ಯಾಪಾರಿಗಳು, ಆಮೇಲೆ ಸಫರ್ ಮನೆತನದಂಥ ಮುಸ್ಲಿಂ ವ್ಯಾಪಾರಿಗಳು ಈ ಕೆಲಸ ಮಾಡಿದರು. ಶಾರ್ಜಾದಲ್ಲಿ 1823ರಿಂದ 1949ರವರೆಗೆ, ಒಂದು ನೂರಾ ಇಪ್ಪತ್ತಾರು ವರ್ಷ, ಇಂಥವರೇ ಇದ್ದರು.

ಇವರನ್ನು ಇಟ್ಟುಕೊಂಡರೆ ಸರ್ಕಾರಕ್ಕೆ ಲಾಭ ಹಲವು. ಸಂಬಳ ಕಡಿಮೆ. ಬಂಗಲೆ ಕಟ್ಟಬೇಕಾಗಿಲ್ಲ, ಏಜೆಂಟನ ಮನೆಯೇ ಕಚೇರಿ. ಅರಬ್ಬಿ, ಪರ್ಷಿಯನ್, ಹಿಂದೂಸ್ತಾನಿ ಮೂರೂ ಬರುತ್ತದೆ. ಶೇಖರ ಮನೆಯಲ್ಲಿ ಕೂತು ಕಾಫಿ ಕುಡಿಯುವಷ್ಟು ಬಳಕೆ. ಅವರದೇ ದೋಣಿಗಳು ಬಂದರಿನಿಂದ ಬಂದರಿಗೆ ಓಡಾಡುವುದರಿಂದ ಎಲ್ಲಿ ಜಗಳ, ಎಲ್ಲಿ ಮುತ್ತಿನ ಬೆಲೆ ಬಿದ್ದಿದೆ ಎಂಬ ಸುದ್ದಿ ತಾನಾಗಿಯೇ ಬರುತ್ತದೆ. ಏಜೆಂಟನಿಗೆ ಆಗುವ ಲಾಭ ಬೇರೆ. ಬ್ರಿಟಿಷ್ ಬಾವುಟದ ನೆರಳಿನಲ್ಲಿ ಅವನ ವ್ಯಾಪಾರಕ್ಕೆ ರಕ್ಷಣೆ, ಊರಿನಲ್ಲಿ ಮರ್ಯಾದೆ.

ನಾನು ಇವರನ್ನು ದೇವರು ಮಾಡಲು ಹೊರಟಿಲ್ಲ. ಸಂಬಳ ಸಾಲದ್ದರಿಂದ ವ್ಯಾಪಾರ, ವ್ಯಾಪಾರ ಇದ್ದದ್ದರಿಂದ ಪಕ್ಷಪಾತ. ಸಾಲ ಕೊಟ್ಟವನೂ ಅವನೇ, ಸಾಲದ ತಕರಾರು ವಿಚಾರಿಸುವವನೂ ಅವನೇ ಆದರೆ ಏನಾಗುತ್ತದೆ ಎಂದು ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಟ್ಟಿನಲ್ಲಿ ಪರರಾಜ್ಯದ ಬಿಗಿಹಿಡಿತಕ್ಕೆ ಇವರೂ ಕೈ ಜೋಡಿಸಿದವರೇ. ಅದನ್ನು ಮರೆಮಾಚಬಾರದು.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹಡಗುಗಳು ಬೇಗ ಬರತೊಡಗಿದವು, ತಂತಿ ಬಂತು. ಬೇರೆ ಯುರೋಪಿಯನ್ ರಾಜ್ಯಗಳೂ ಕೊಲ್ಲಿಯತ್ತ ಕಣ್ಣು ಹಾಕಿದವು. ಆಗ 'ನಮ್ಮವರೇ ಬೇಕು' ಎಂಬ ಮಾತು ಎದ್ದಿತು. ತುರ್ಕಿಯಲ್ಲಿ ಇದು ಮೊದಲೇ ಶುರುವಾಗಿತ್ತು. 1877ರಲ್ಲಿ ಇಂಗ್ಲಿಷ್ ಹುಡುಗರನ್ನೇ ಆರಿಸಿ ಭಾಷೆ ಕಲಿಸಿ ಡ್ರ್ಯಾಗೊಮನ್‌ಗಳ ಜಾಗಕ್ಕೆ ತಯಾರು ಮಾಡುವ ಏರ್ಪಾಡು ಬಂತು. ಬಹ್ರೇನ್‌ನಲ್ಲಿ 1900ರಲ್ಲಿ ಕೊನೆಯ ನೇಟಿವ್ ಏಜೆಂಟನ ಜಾಗಕ್ಕೆ ಬ್ರಿಟಿಷ್ ಅಧಿಕಾರಿ ಬಂದ. 1904ರಲ್ಲಿ ಕುವೈತ್‌ಗೂ ಒಬ್ಬ ಬಂದ. ಆ ಕುರ್ಚಿಯ ಕೆಳಗಿನ ಕೆಲಸ ಮಾತ್ರ ಬದಲಾಗಲಿಲ್ಲ. ಅರಬ್ಬಿ ಪತ್ರ ಓದಿ ಹೇಳುವವನು, ಉತ್ತರ ಬರೆಯುವವನು ಹಿಂದಿನಂತೆ ಮುನ್ಷಿಯೇ. ಮೇಲಿನ ಅಧಿಕಾರಿಗಳು ಇಂಡಿಯನ್ ಪೊಲಿಟಿಕಲ್ ಸರ್ವಿಸ್ ಎಂಬ ಸೇವೆಯವರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸೈನ್ಯದಿಂದ, ಉಳಿದವರು ಐಸಿಎಸ್‌ನಿಂದ ಬಂದವರು. ಹೆಸರಿನಲ್ಲಿ ಇಂಡಿಯನ್ ಇದ್ದರೂ ಸ್ವಾತಂತ್ರ್ಯ ಬರುವ ಹೊತ್ತಿಗೆ ಅದರಲ್ಲಿ ಭಾರತೀಯರು ಕೆಲವೇ ಕೆಲವರು. ಕೆಳಗಿನವರಿಗೆ ಖಾನ್ ಬಹದ್ದೂರ್, ರಾಯ್ ಬಹದ್ದೂರ್ ಎಂಬ ಬಿರುದು ಸಿಗುತ್ತಿತ್ತು. ಬಿರುದಿಗೆ ಕುರ್ಚಿ ಇರುತ್ತಿರಲಿಲ್ಲ.

ಅರ್ಧ ಇಂಗ್ಲಿಷ್ ರಕ್ತ ಇದ್ದವರಿಗೂ ಇದು ತಪ್ಪಲಿಲ್ಲ. ಚೀನಾದ ಪಶ್ಚಿಮದ ತುದಿಯಲ್ಲಿ ಕಾಶ್ಗರ್ ಎಂಬ ಊರಿದೆ. ಅಲ್ಲಿ ನಮ್ಮ ದೇಶದ ವ್ಯಾಪಾರಿಗಳು, ಲೇವಾದೇವಿ ಮಾಡುವ ಶಿಕಾರ್ಪುರಿಗಳು ಬಹಳ ಜನ ಇದ್ದರು. ಈ ಶಿಕಾರ್ಪುರ ನಮ್ಮ ಶಿವಮೊಗ್ಗದ ಶಿಕಾರಿಪುರವಲ್ಲ, ಸಿಂಧ್ ಪ್ರಾಂತದ್ದು. 1890ರಲ್ಲಿ ಜಾರ್ಜ್ ಮೆಕಾರ್ಟ್ನಿ ಎಂಬ ಇಪ್ಪತ್ತಮೂರರ ಯುವಕ ಅಲ್ಲಿಗೆ ಚೀನೀ ದುಭಾಷಿಯಾಗಿ ಹೋದ. ತಂದೆ ಸ್ಕಾಟ್ಲೆಂಡಿನವನು, ತಾಯಿ ಚೀನಾದವಳು. ಮೇಲಧಿಕಾರಿ ಮರುವರ್ಷ ಹೊರಟುಹೋದ. ಮೆಕಾರ್ಟ್ನಿ ಇಪ್ಪತ್ತೆಂಟು ವರ್ಷ ಉಳಿದ. ಎದುರಿಗೆ ರಷ್ಯಾದ ಕಾನ್ಸಲ್ ಕಾವಲು ಸೈನಿಕರನ್ನು ಇಟ್ಟುಕೊಂಡು ಮೆರೆಯುತ್ತಿದ್ದ. ಇವನಿಗೆ ವರ್ಷಗಟ್ಟಲೆ ಕಾನ್ಸಲ್ ಎಂಬ ಪದವಿಯೇ ಇರಲಿಲ್ಲ. ಕಾಗದದ ಮೇಲೆ ಅವನು ಕಾಶ್ಮೀರದ ರೆಸಿಡೆಂಟನಿಗೆ ಚೀನೀ ವ್ಯವಹಾರಗಳ ವಿಶೇಷ ಸಹಾಯಕ. ಸರ್ ಎಂಬ ಬಿರುದು ಬಂದದ್ದು ಬಹಳ ತಡವಾಗಿ. ತನ್ನ ತಾಯಿಯ ವಿಷಯವನ್ನು ಅವನು ಸ್ವಂತ ಮಕ್ಕಳ ಮುಂದೆಯೂ ಆಡುತ್ತಿರಲಿಲ್ಲವಂತೆ. ತಾಯಿಯಿಂದ ಕಲಿತ ಮಾತಿನಿಂದ ಅನ್ನ ತಿನ್ನುವವನು ತಾಯಿಯ ಹೆಸರು ಹೇಳಲಾಗದೆ ಬದುಕಿದ್ದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈ ಬರಹಗಾರರ ಕೈಯಲ್ಲಿ ಏನಿತ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1920, 30ರ ದಶಕಗಳಲ್ಲೂ ಕೊಲ್ಲಿಯಲ್ಲಿ ಗುಲಾಮಗಿರಿ ಇತ್ತು. ಆಫ್ರಿಕಾದಿಂದ, ಬಲೂಚಿಸ್ತಾನದಿಂದ ಹಿಡಿದು ತಂದವರನ್ನು ಮುತ್ತು ತೆಗೆಯಲು ಸಮುದ್ರದೊಳಗೆ ಮುಳುಗಿಸುತ್ತಿದ್ದರು. ಕೆಲವರು ತಪ್ಪಿಸಿಕೊಂಡು ಬ್ರಿಟಿಷ್ ಕಚೇರಿಯ ಬಾಗಿಲಿಗೆ ಬಂದು ಬೀಳುತ್ತಿದ್ದರು. ಅವರನ್ನು ಕೂರಿಸಿಕೊಂಡು, ಹೆಸರೇನು, ಹುಟ್ಟಿದ್ದೆಲ್ಲಿ, ಯಾರು ಹಿಡಿದರು, ಯಾರಿಗೆ ಮಾರಿದರು ಎಂದು ಕೇಳಿ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಆ ಹೇಳಿಕೆ ಸರಿಯೆನಿಸಿದರೆ ಬಿಡುಗಡೆಯ ಪತ್ರ. ಪತ್ರದ ಕೆಳಗೆ ಅಧಿಕಾರಿಯ ಸಹಿ. ಬಂದವನ ಭಾಷೆ ಅರ್ಥ ಮಾಡಿಕೊಂಡು ಅದನ್ನು ಕಾಗದಕ್ಕಿಳಿಸಿದ್ದು ಕಚೇರಿಯ ದುಭಾಷಿ, ಗುಮಾಸ್ತೆ. ಒಂದು ಊರಿನ ಹೆಸರು ತಪ್ಪಿದರೆ ಆ ಮನುಷ್ಯ ಮತ್ತೆ ಯಜಮಾನನ ದೋಣಿಗೇ ಹೋಗಬೇಕಾಗಬಹುದು. ಆ ಹೇಳಿಕೆಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕತಾರಿನ ರಾಷ್ಟ್ರೀಯ ಗ್ರಂಥಾಲಯದ ಜೊತೆಗೂಡಿ ಅವನ್ನು ಅಂತರಜಾಲದಲ್ಲಿ ಹಾಕಿದ್ದಾರೆ. ಮಕ್ಕಳು ಮೊಬೈಲಿನಲ್ಲೇ ನೋಡಬಹುದು.

ಇದು ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೊಲ್ಲಿಯ ಒಂದು ದೇಶದಲ್ಲಿ ಕೆಲಸಕ್ಕಿದ್ದಾಗ ನಮ್ಮ ಕಡೆಯ ಹುಡುಗನೊಬ್ಬ ಕೌಂಟರಿಗೆ ಬಂದ. ಗಾರೆ ಕೆಲಸದವನು. ಏಳು ತಿಂಗಳ ಸಂಬಳ ಬಂದಿರಲಿಲ್ಲ. ಹಿಂದಿ ಸರಿಯಾಗಿ ಬಾರದು. ಕನ್ನಡದವನು ನಾನೊಬ್ಬನೇ. ಆ ದಿನ ಕೌಂಟರಿನ ಮುಂದೆ ನೂರಾರು ಜನ. ಅವನು ಗಡಿಬಿಡಿಯಲ್ಲಿ "ಕೆಲಸ ಬಿಟ್... ರು ಸಾರ್" ಅಂದ ಹಾಗಾಯಿತು. ಕೆಲಸ ಬಿಟ್ಟಿದ್ದಾನೆ ಎಂದು ಬರೆದುಕೊಂಡೆ. ನಮ್ಮ ಕಚೇರಿಯಲ್ಲಿ ಅರಬ್ಬಿ ತರ್ಜುಮೆ ಮಾಡುವ ಅಲ್ಲಿನವರೇ ಆದ ವಯಸ್ಸಾದವರೊಬ್ಬರಿದ್ದರು. ಅವರ ಅಜ್ಜ ಬ್ರಿಟಿಷರ ಕಚೇರಿಯಲ್ಲಿ ಇದೇ ಕೆಲಸ ಮಾಡಿದ್ದರಂತೆ. ನನ್ನ ಕಾಗದ ಓದಿ ಅವರು ಕೇಳಿದರು, "ಇವನೇ ಬಿಟ್ಟನೋ, ಅವರು ಬಿಡಿಸಿದರೋ? ಇನ್ನೊಮ್ಮೆ ಕೇಳಿ. ತಾನೇ ಬಿಟ್ಟ ಎಂದು ಬರೆದರೆ ಇವನಿಗೆ ಏನೂ ಸಿಗುವುದಿಲ್ಲ." ಓಡಿಹೋಗಿ ಗೇಟಿನ ಹತ್ತಿರ ಹುಡುಗನನ್ನು ಹಿಡಿದು ಕೇಳಿದೆ. "ಬಿಟ್ಟಿಲ್ಲ ಸಾರ್, ಬಿಡಿಸಿದ್ರು" ಎಂದ. ಕಾಗದ ಹರಿದು ಬೇರೆ ಬರೆದೆ. ನಾಲ್ಕು ತಿಂಗಳ ಮೇಲೆ ಅವನ ಬಾಕಿ ಬಂತು. ಊರಿಗೆ ಹೋಗುವ ಮುಂಚೆ ಒಂದು ಪೊಟ್ಟಣ ಖರ್ಜೂರ ತಂದು ನನ್ನ ಮೇಜಿನ ಮೇಲಿಟ್ಟ. ನಾನು ಅದನ್ನು ಆ ಹಿರಿಯರ ಮೇಜಿಗೆ ಸಾಗಿಸಿದೆ. 'ಬಿಟ್ಟೆ' ಮತ್ತು 'ಬಿಡಿಸಿದರು' ನಡುವೆ ಎಷ್ಟು ಅಂತರ ಇದೆ ಎಂದು ನಮ್ಮ ವ್ಯಾಕರಣದ ಮೇಷ್ಟ್ರು ಇದೇ ಕೋಣೆಯಲ್ಲಿ ಕಲಿಸಿದ್ದರು. ಅದು ಸಂಬಳದ ಅಂತರ ಎಂದು ಅಂದು ಕಲಿತೆ.

ಕುರ್ಚಿಯ ಕಥೆಗೆ ವಾಪಸ್ ಬರೋಣ. ಅದು ತಿರುಗಿದ್ದು ಹೇಗೆ? 1860ರಿಂದ ನಮ್ಮ ಜನರನ್ನು ಕಬ್ಬಿನ ತೋಟಗಳಿಗಾಗಿ ದಕ್ಷಿಣ ಆಫ್ರಿಕಾದ ನೆಟಾಲ್‌ಗೆ ಒಯ್ದಿದ್ದರು. ಅವರ ಕಷ್ಟ ವಿಚಾರಿಸಲು 1927ರಲ್ಲಿ ಭಾರತ ಸರ್ಕಾರದ ಏಜೆಂಟ್ ಹುದ್ದೆ ಹುಟ್ಟಿತು. ಮೊದಲ ಏಜೆಂಟ್ ವಿ.ಎಸ್. ಶ್ರೀನಿವಾಸ ಶಾಸ್ತ್ರಿ. ಮೊದಲು ಒಬ್ಬ ಸ್ಕೂಲ್ ಮೇಷ್ಟ್ರಾಗಿದ್ದವರು, ಮದರಾಸಿನಲ್ಲಿ ಹೆಡ್‌ಮಾಸ್ಟರಾಗಿದ್ದವರು. ಅವರ ಕಾರ್ಯದರ್ಶಿಯಾಗಿ ಹೋದವನು ಒಬ್ಬ ಇಂಗ್ಲಿಷ್ ಐಸಿಎಸ್ ಅಧಿಕಾರಿ. ಸಹಿ ಹಾಕುವವರು ಭಾರತೀಯರು, ಕಾಗದ ಸಿದ್ಧ ಮಾಡುವವನು ಇಂಗ್ಲಿಷನು. ಭಾರತೀಯರಿಗೆ ಹೋಟೆಲಿನ ಬಾಗಿಲು ತೆರೆಯದ ದೇಶದಲ್ಲಿ ಶಾಸ್ತ್ರಿಗಳು ಮೊದಲು ಹಿಡಿದ ಕೆಲಸ ಯಾವುದು ಗೊತ್ತೇ? ಡರ್ಬನ್‌ನಲ್ಲಿ ಭಾರತೀಯ ಮಕ್ಕಳಿಗೆ ಒಂದು ಹೈಸ್ಕೂಲು. ಚಂದಾ ಎತ್ತಿ ಕಟ್ಟಿಸಿದರು. ಇಂದಿಗೂ ಅದರ ಹೆಸರು ಶಾಸ್ತ್ರಿ ಕಾಲೇಜ್. ನಮ್ಮ ಊರಿನವರು ಮನೆಗಿಷ್ಟು ಎಂದು ಹಣ, ಕಲ್ಲು, ಗಾಡಿ ಕೊಟ್ಟು ಈ ಕಟ್ಟಡ ಎಬ್ಬಿಸಿದ್ದನ್ನು ನೋಡಿದವರಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ.

ಅದೇ ಹುದ್ದೆಗೆ 1938ರಲ್ಲಿ ಹೋದವರು ನಮ್ಮ ಕರಾವಳಿಯ ಮನೆತನದ ಬೆನಗಲ್ ರಾಮರಾವ್. 1941ರವರೆಗೆ ಅಲ್ಲಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅ‌ಮೆರಿಕಕ್ಕೆ ಭಾರತದ ರಾಯಭಾರಿಯಾದರು, ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಅವರ ಅಣ್ಣ ಬೆನಗಲ್ ನರಸಿಂಗರಾವ್ ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದು, ಆಮೇಲೆ ವಿಶ್ವಸಂಸ್ಥೆಯಲ್ಲಿ ಭಾರತದ ಪರ ಕೂತವರು. 1946ರ ಅಕ್ಟೋಬರಿನಲ್ಲಿ ಭಾರತೀಯ ವಿದೇಶಾಂಗ ಸೇವೆ ಸ್ಥಾಪನೆಯಾಯಿತು. ಇನ್ನು ಆ ಕುರ್ಚಿಗೆ ಯಾವ ಬಣ್ಣದ ಮನುಷ್ಯ ಎಂಬ ಪ್ರಶ್ನೆ ಉಳಿಯಲಿಲ್ಲ. ಪರೀಕ್ಷೆ ಪಾಸು ಮಾಡಿದವರಿಗೆ ಬಾಗಿಲು ತೆರೆಯಿತು. ಮಕ್ಕಳೇ, ಅದು ನಿಮಗೂ ತೆರೆದಿದೆ. ನನ್ನ ಹಾಗೆ ಗುಮಾಸ್ತೆಯಾಗಿ ಹೋಗಿ ನಿಲ್ಲಬೇಡಿ. ಹೋದರೂ ನಾಚಿಕೊಳ್ಳಬೇಡಿ.

ಆ ಬಾಗಿಲನ್ನು ನನಗೆ ತೋರಿಸಿದವರು ಯಾರು? ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಹುಳದ ಮನೆಯಲ್ಲಿ ಸೊಪ್ಪು ಹಾಕಿಕೊಂಡು ಇದ್ದೆ. ಒಂದು ದಿನ ಗುಮಾಸ್ತೆ ಮೇಷ್ಟ್ರು ಪೇಪರಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದರು. ಕೇಂದ್ರ ಸರ್ಕಾರದ ಗುಮಾಸ್ತೆ ಪರೀಕ್ಷೆಯ ಜಾಹೀರಾತು. ಅರ್ಜಿ ಅವರೇ ತುಂಬಿದರು. ಶುಲ್ಕದ ಪೋಸ್ಟಲ್ ಆರ್ಡರಿಗೆ ಅವರದೇ ದುಡ್ಡು. ಅಪ್ಪ "ಯಾವಾಗ ಕೊಡಲಿ ಮೇಷ್ಟ್ರೇ?" ಎಂದು ಕೇಳಿದರೆ, "ಗೂಡು ಮಾರಿದಾಗ ಕೊಡೋರಂತೆ, ಮೊದಲು ಹುಡುಗ ಪರೀಕ್ಷೆ ಬರೀಲಿ" ಎಂದರು. ಆ ಬೆಳೆ ಹುಳಕ್ಕೆ ರೋಗ ಬಂದು ಹೋಯಿತು. ದುಡ್ಡು ಕೊಟ್ಟೆವೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ದೆಹಲಿಯಲ್ಲಿದ್ದಾಗ ಅವರಿಗೆ ವರ್ಗವಾಯಿತು. ಎಲ್ಲಿಗೆ ಎಂದು ಕೇಳಿ ತಿಳಿದುಕೊಳ್ಳುವಷ್ಟು ಬುದ್ಧಿ ಆಗ ಇರಲಿಲ್ಲ. ಬುದ್ಧಿ ಬಂದಾಗ ಅವರು ಇರಲಿಲ್ಲ.

1786ರ ಮಾರ್ಚ್‌ನಲ್ಲಿ ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ಟಿಪ್ಪುವಿನ ನಾಲ್ಕು ಹಡಗುಗಳು ತುರ್ಕಿಯ ಸುಲ್ತಾನನ ದರ್ಬಾರಿಗೆ ಹೊರಟವು. ಸುಮಾರು 900 ಜನ. ಹಡಗು ಒಡೆದು, ರೋಗ ಬಂದು ಬಹುಪಾಲು ಜನ ಹಿಂದಿರುಗಲಿಲ್ಲ. ಆ ಪ್ರಯಾಣ ಹೇಗಿತ್ತು ಎಂದು ನಮಗೆ ತಿಳಿದಿರುವುದು ನಿಯೋಗದ ಬರಹಗಾರ ಖ್ವಾಜಾ ಅಬ್ದುಲ್ ಖಾದಿರ್ ಇಟ್ಟ ದಿನಚರಿಯಿಂದ.  ಅವನೊಬ್ಬ ಬರೆದದ್ದರಿಂದ ಅವನ ಹೆಸರು ಉಳಿಯಿತು. ಉಳಿದ ನೂರಾರು ಜನರ ಹೆಸರು ಬರೆಯುವವರು ಇರಲಿಲ್ಲ.

ನಮ್ಮ ಶಾಲೆಗೆ ಹಾಗಾಗಬಾರದು. ಹೆಡ್‌ಮಾಸ್ಟರ ಕೋಣೆಯ ಗೋಡೆಯ ಮೇಲೆ ಮುಖ್ಯೋಪಾಧ್ಯಾಯರ ಹೆಸರು, ಸೇವಾವಧಿ ಬರೆದ ಹಲಗೆ ಇದೆ. ಇರಬೇಕಾದ್ದೇ. ಆದರೆ ಐವತ್ತು ವರ್ಷ ಗಂಟೆ ಹೊಡೆದವರು, ಬೀಗ ತೆಗೆದವರು, ಹಾಜರಿ ಪುಸ್ತಕಕ್ಕೆ ಗೆರೆ ಎಳೆದವರು, ಮಧ್ಯಾಹ್ನ ಅನ್ನ ಬೇಯಿಸಿದ ತಾಯಂದಿರು ಯಾವ ಹಲಗೆಯಲ್ಲೂ ಇಲ್ಲ. ಇದನ್ನು ಸಮಿತಿಯವರ ಮುಂದಿಟ್ಟಾಗ ಅವರು ಒಂದು ಮಾತೂ ಎದುರಾಡದೆ ಒಪ್ಪಿಕೊಂಡರು. ಈಗಿನ ಗುಮಾಸ್ತೆಯವರು ಹಳೆಯ ಸಂಬಳ ಬಟವಾಡೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಕೊಟ್ಟರು. ಕೆಲವನ್ನು ಗೆದ್ದಲು ತಿಂದಿದೆ. ಉಳಿದವುಗಳಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಹಾಕಿದ ಸಹಿಗಳಿವೆ, ಹೆಬ್ಬೆಟ್ಟುಗಳಿವೆ. ಮೂರು ದಿನ ಕೂತು ಹದಿನೇಳು ಹೆಸರು ತೆಗೆದೆವು. ಈ ಸಂಚಿಕೆಯ ಕೊನೆಯ ಪುಟದಲ್ಲಿ ಅಚ್ಚಾಗಿವೆ. ಬಿಟ್ಟುಹೋದ ಹೆಸರು ಊರಿನ ಹಿರಿಯರಿಗೆ ನೆನಪಿದ್ದರೆ ದಯವಿಟ್ಟು ಶಾಲೆಗೆ ತಿಳಿಸಿ. ಮುಂದಿನ ಹಲಗೆಗೆ ಸೇರಿಸೋಣ.

ನಮ್ಮ ಗುಮಾಸ್ತೆ ಮೇಷ್ಟ್ರ ಪೂರ್ತಿ ಹೆಸರು ನನಗೆ ತಿಳಿದದ್ದು ಆ ಪುಸ್ತಕದಲ್ಲೇ, ಕಳೆದ ತಿಂಗಳು, ನಲವತ್ತು ವರ್ಷ ತಡವಾಗಿ. ಅಕ್ಷರ ನೋಡಿದ ತಕ್ಷಣ ಗುರುತು ಹತ್ತಿತು. ಅದನ್ನು ಇಲ್ಲಿ ಮೈಕಿನಲ್ಲಿ ಹೇಳಿ ಅವರೊಬ್ಬರನ್ನೇ ಮುಂದೆ ನಿಲ್ಲಿಸುವುದಿಲ್ಲ. ಹಾಗೆ ನಿಲ್ಲುವ ಸ್ವಭಾವ ಅವರದಲ್ಲ. ಹದಿನೇಳು ಜನರ ಜೊತೆ ಅವರೂ ಆ ಪುಟದಲ್ಲಿದ್ದಾರೆ. ಎಲ್ಲರ ಹೆಸರನ್ನೂ ಓದಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.